ಹಲಗೆ, ಸುಣ್ಣದ ನೆಲ, ಚಿನ್ನದ ರೇಕು: ಮಧ್ಯಯುಗದ ರೀತಿಯಲ್ಲಿ ಮಾತೆ ಮರಿಯಮ್ಮನ ಚಿತ್ರ

ಪ್ರಶ್ನೆ: ಬೆಂಗಳೂರಿನ ಫ್ರೇಜರ್ ಟೌನ್‌ನಲ್ಲಿದ್ದೇನೆ. ಅಕ್ರಿಲಿಕ್‌ನಲ್ಲಿ ಕೈ ಪಳಗಿದೆ, ಮೈಸೂರು ಶೈಲಿಯ ಚಿತ್ರಕಲೆಯನ್ನೂ ಸ್ವಲ್ಪ ಕಲಿತಿದ್ದೇನೆ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಮನೆಯ ಪೀಠದ ಮೇಲೆ ಇಡಲು ಮರಿಯಮ್ಮ ಮತ್ತು ಬಾಲಯೇಸುವಿನ ಚಿತ್ರವನ್ನು ಹಳೆಯ ಇಟಲಿಯ ಚಿತ್ರಗಳ ಮಾದರಿಯಲ್ಲಿ ಮಾಡಬೇಕೆಂದಿದ್ದೇನೆ. 18×24 ಇಂಚಿನ ಕ್ಯಾನ್ವಾಸ್ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಬಿಳಿ ಗೋಂದು ಕಲಸಿ ಪ್ರಭಾವಳಿಯನ್ನು ಉಬ್ಬಿಸಿದೆ, ಬಿರುಕು ಬಿಟ್ಟಿತು. ಬಾಟಲಿಯ ಚಿನ್ನದ ಬಣ್ಣ ಮಂಕಾಗಿ ಕಾಣುತ್ತದೆ. ಮುಖ ಕ್ಯಾಲೆಂಡರ್ ಚಿತ್ರದ ಹಾಗೆ ಬಂದಿದೆ. ಮೈಸೂರು ಶೈಲಿಯ ಸಾಮಗ್ರಿಯನ್ನೇ ಬಳಸಬಹುದೇ? ಮಾತೆಗೆ ಸೀರೆ ಉಡಿಸಿ, ಕನ್ನಡದಲ್ಲಿ ಹೆಸರು ಬರೆದರೆ ತಪ್ಪೇ?

ಉತ್ತರ: ನಿಮ್ಮ ಮೂರೂ ತೊಂದರೆಗಳು ಒಂದೇ ಕಡೆಯಿಂದ ಬಂದಿವೆ. ಆ ಚಿತ್ರಗಳ ಅಂದ ಪ್ರಭಾವಳಿ, ಬಳ್ಳಿ, ನಕ್ಷತ್ರಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಪದರಗಳ ಕ್ರಮದಲ್ಲಿದೆ. ಮೊದಲು ಗಟ್ಟಿ ಹಲಗೆ, ಅದರ ಮೇಲೆ ನೀರು ಹೀರುವ ಬಿಳಿ ನೆಲ (ಬಣ್ಣದ ಅಡಿಯ ಲೇಪ), ನೆಲದ ಮೇಲೆ ಚಿನ್ನ, ಎಲ್ಲಕ್ಕೂ ಕೊನೆಗೆ ಬಣ್ಣ. ನೀವು ಬಣ್ಣ ಮೊದಲು ಹಾಕಿ ಚಿನ್ನವನ್ನು ಕೊನೆಗೆ ಇಟ್ಟುಕೊಂಡಿರಬೇಕು. ಪ್ಲಾಸ್ಟರ್ ಬಿರುಕು ಬಿಟ್ಟದ್ದು ಗೋಂದಿನ ದೋಷದಿಂದಲ್ಲ. ಕ್ಯಾನ್ವಾಸ್ ಬಾಗುತ್ತದೆ, ಪ್ಲಾಸ್ಟರ್ ಬಾಗುವುದಿಲ್ಲ. ಬಾಟಲಿಯ ಚಿನ್ನದಲ್ಲಿ ಇರುವುದು ಸಾಮಾನ್ಯವಾಗಿ ಅಭ್ರಕದ ಚೂರುಗಳು. ಒಂದೊಂದು ಚೂರು ಒಂದೊಂದು ದಿಕ್ಕಿಗೆ ಮುಖ ಮಾಡಿ ಬೆಳಕನ್ನು ಚದುರಿಸುವುದರಿಂದ ಮಂಕಾಗುತ್ತದೆ. ರೇಕು ಒಂದೇ ಸಮನೆ ಹರಡಿದ ಲೋಹ, ಅದಕ್ಕೇ ಹೊಳಪು. ಮುಖದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಮಧ್ಯಯುಗ ಎಂದರೆ ಸುಮಾರು ಸಾವಿರ ವರ್ಷ. ಬೈಜಾಂಟಿಯಂನ ಪ್ರತಿಮಾಚಿತ್ರ, ಇಟಲಿಯ ಸಿಯೆನಾ ನಗರದ ಬಲಿಪೀಠದ ಚಿತ್ರ, ಉತ್ತರ ಯೂರೋಪಿನ ಹಸ್ತಪ್ರತಿಯ ಚಿತ್ರ, ಮೂರಕ್ಕೂ ವಿಧಾನ ಬೇರೆ ಬೇರೆ. ಒಂದರ ಕಣ್ಣು, ಇನ್ನೊಂದರ ಮಡಿಕೆ, ಮತ್ತೊಂದರ ಬಳ್ಳಿ ಸೇರಿಸಿದರೆ ಚಿತ್ರ ಜಾಹೀರಾತಿನಂತೆ ಕಾಣುತ್ತದೆ. ನಿಮ್ಮ ಕೆಲಸಕ್ಕೆ 14ನೇ ಶತಮಾನದ ಸಿಯೆನಾ ಸರಿಹೊಂದುತ್ತದೆ. ಅಲ್ಲಿನ ಚಿತ್ರಕಾರರಾದ ದುಚ್ಚೊ 1308ರಿಂದ 1311ರವರೆಗೆ ಮಾಡಿದ ‘ಮಾಯೆಸ್ತಾ’ (ಸಿಂಹಾಸನದಲ್ಲಿ ಕುಳಿತ ಮಾತೆ), ಸಿಮೋನೆ ಮಾರ್ತೀನಿ 1333ರಲ್ಲಿ ಮುಗಿಸಿದ, ಗಬ್ರಿಯೇಲ ದೂತ ಮರಿಯಮ್ಮನಿಗೆ ಸುದ್ದಿ ತಿಳಿಸುವ ಚಿತ್ರ, ಇವೆರಡನ್ನು ಹಿಗ್ಗಿಸಿ ನೋಡುತ್ತಾ ಕೂರಿ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಈ ಕಾಲದ ಎಷ್ಟೋ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿವೆ. ಗಿಲೀಟಿನ ಅಂಚು, ಬಟ್ಟೆಯ ಗೀಟು ಎಲ್ಲ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಅಳತೆಯನ್ನೂ ಇಳಿಸಿ. ಮೊದಲ ಸಲಕ್ಕೆ 12×15 ಇಂಚು ಸಾಕು. ಇಟಲಿಯವರು ಪಾಪ್ಲರ್ ಮರ ಬಳಸುತ್ತಿದ್ದರು. ಇಲ್ಲಿ 12 ಮಿ.ಮೀ. ದಪ್ಪದ ಮರೀನ್ ಪ್ಲೈವುಡ್ (ಐಎಸ್ 710 ಗುರುತಿನದು) ಒಳ್ಳೆಯದು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಕತ್ತರಿಸಿಯೇ ಕೊಡುತ್ತಾರೆ. ಮುಂದೆ 18×24ಕ್ಕೆ ಹೋದಾಗ 18 ಮಿ.ಮೀ. ತೆಗೆದುಕೊಳ್ಳಿ. ತೇಗ ಬೇಡ, ಅದರ ಎಣ್ಣೆಯಂಶ ಸರೇಸನ್ನು (ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟನ್ನು) ಹಿಡಿಯಗೊಡುವುದಿಲ್ಲ. ಎಂಡಿಎಫ್ ಆಗಬಹುದು, ಆದರೆ ಮೂಲೆಗೆ ನೀರು ತಾಗಿದರೆ ಊದುತ್ತದೆ.

ನೆಲದ ಕೆಲಸ ಬೇಸರದ್ದು, ಆದರೆ ಚಿತ್ರದ ಅರ್ಧ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಅಂಗಡಿಯಲ್ಲಿ ‘ಗೆಸ್ಸೊ’ ಎಂದು ಬರೆದ ಡಬ್ಬಿ ಸಿಗುತ್ತದಲ್ಲ, ಅದು ಅಕ್ರಿಲಿಕ್. ಅಕ್ರಿಲಿಕ್ ಬಣ್ಣಕ್ಕೆ ಅದು ಸರಿ. ಆದರೆ ಹಳಬರು ಬಳಸುತ್ತಿದ್ದ, ನೀವೂ ಇಲ್ಲಿ ಬಳಸಬೇಕಾದ ಮೊಟ್ಟೆಯ ಬಣ್ಣವನ್ನು (ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದ ಪುಡಿ) ಅದು ಹೀರಿಕೊಳ್ಳುವುದಿಲ್ಲ, ಮುಂದೊಂದು ದಿನ ಬಣ್ಣ ಚಕ್ಕೆಯಾಗಿ ಏಳುತ್ತದೆ. ಅದರ ಮೇಲೆ ಚಿನ್ನವನ್ನು ಉಜ್ಜಿ ಹೊಳಪಿಸಲೂ ಆಗದು. ಗೋಡೆಗೆ ಬಳಿಯುವ ವಾಲ್ ಪುಟ್ಟಿಯಲ್ಲಿ ಸಾಮಾನ್ಯವಾಗಿ ಸಿಮೆಂಟ್ ಇರುತ್ತದೆ, ಅದಂತೂ ಬೇಡವೇ ಬೇಡ.

ನೆಲವನ್ನು ನೀವೇ ಮಾಡಿಕೊಳ್ಳಬೇಕು. ಯೂರೋಪಿನವರು ಮೊಲದ ಚರ್ಮದ ಸರೇಸು ಬಳಸುತ್ತಾರೆ. ಬಡಗಿಗಳ ಹಳೆಯ ಸರೇಸು ಅದೇ ಜಾತಿಯದಾದರೂ ಬಣ್ಣ ಕಂದು, ಶಕ್ತಿ ಒಂದೊಂದು ಸಲ ಒಂದೊಂದು ಥರ. ಬೇಕರಿ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ, ರುಚಿ-ಬಣ್ಣ ಸೇರಿಸದ ಜೆಲಟಿನ್ ಪುಡಿ ನಂಬಿಕಸ್ಥ. 400 ಮಿ.ಲೀ. ತಣ್ಣೀರಿಗೆ 32 ಗ್ರಾಂ ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರ ಉರಿಗೆ ಇಡಬೇಡಿ, ಕುದಿಸಬೇಡಿ. 60 ಡಿಗ್ರಿ ದಾಟಿದರೆ ಅಂಟುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಒಂದು ಚಮಚ ತೆಗೆದು ಫ್ರಿಜ್ಜಿನಲ್ಲಿಟ್ಟು ನೋಡಿ. ಅಲುಗಾಡುವಷ್ಟು ಮೆತ್ತಗಿದ್ದು ಬೆರಳಿನಿಂದ ಒತ್ತಿದರೆ ಸೀಳಬೇಕು. ರಬ್ಬರಿನಂತೆ ಗಟ್ಟಿಯಾದರೆ ನೀರು ಸೇರಿಸಿ.

ಈ ಬಿಸಿ ಅಂಟನ್ನು ಹಲಗೆಯ ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಹಚ್ಚಿ. ಹಿಂಬದಿ ಬಿಟ್ಟರೆ ಮಳೆಗಾಲದಲ್ಲಿ ಹಲಗೆ ಒಂದೇ ಕಡೆ ತೇವ ಹೀರಿ ಸೊಟ್ಟಗಾಗುತ್ತದೆ. ಒಂದು ರಾತ್ರಿ ಒಣಗಲಿ. ಮರುದಿನ ತೊಳೆದು ಗಂಜಿ ತೆಗೆದ ಮಲ್ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಹಲಗೆಯ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಗಾಳಿ ಒತ್ತಿ ತೆಗೆಯಿರಿ. ಪ್ಲೈವುಡ್‌ನ ಮೇಲಿನ ಪದರ ಮುಂದೆ ಕೂದಲೆಳೆಯಷ್ಟು ಸೀಳಿದರೂ ಬಟ್ಟೆ ಅದನ್ನು ಮೇಲೆ ಬರಗೊಡುವುದಿಲ್ಲ. ಇನ್ನೊಂದು ರಾತ್ರಿ ಬಿಡಿ.

ಉಳಿದ ಸುಮಾರು 250 ಮಿ.ಲೀ. ಅಂಟನ್ನು ಉಗುರುಬೆಚ್ಚಗೆ ಮಾಡಿ, ಅದರೊಳಕ್ಕೆ ಟೀ ಜರಡಿಯಿಂದ ಚಾಕ್ ಪೌಡರ್ (ಕ್ಯಾಲ್ಸಿಯಂ ಕಾರ್ಬೊನೇಟ್) ಉದುರಿಸುತ್ತಾ ಹೋಗಿ. ಕಲಕಬೇಡಿ. ಪುಡಿ ತಾನಾಗಿ ಮುಳುಗಲಿ. ನೀರಿನ ಮಟ್ಟಕ್ಕೆ ಸಣ್ಣ ಗುಡ್ಡದ ಹಾಗೆ ತಲೆ ಎತ್ತಿದಾಗ ನಿಲ್ಲಿಸಿ, ಸುಮಾರು 350 ಗ್ರಾಂ ಹಿಡಿಯುತ್ತದೆ. ಹದಿನೈದು ನಿಮಿಷ ಬಿಟ್ಟು ಕುಂಚದಿಂದ ಮೆಲ್ಲಗೆ ಬೆರೆಸಿ, ಬಟ್ಟೆಯಲ್ಲಿ ಸೋಸಿ. ಮೊದಲ ಪದರವನ್ನು ಬೆರಳಿನಿಂದಲೇ ಬಟ್ಟೆಯ ಎಳೆಗಳೊಳಗೆ ಉಜ್ಜಬೇಕು. ಆಮೇಲೆ ಚಪ್ಪಟೆ ಕುಂಚದಿಂದ ಒಂದು ಪದರ ಅಡ್ಡ, ಒಂದು ಪದರ ಉದ್ದ, ಹೀಗೆ ಎಂಟು. ಮೇಲ್ಮೈಯ ಒದ್ದೆ ಹೊಳಪು ಹೋದ ಕೂಡಲೇ ಮುಂದಿನ ಪದರ. ಎಂಟೂ ಒಂದೇ ದಿನ ಮುಗಿಯಬೇಕು. ನಾಳೆಗೆ ಉಳಿಸಿದರೆ ಪೂರ್ತಿ ಒಣಗಿದ ಪದರ ಹೊಸದರ ನೀರನ್ನು ಗಬಕ್ಕನೆ ಹೀರಿ, ಎರಡರ ನಡುವೆ ಹಿಡಿತ ಸಡಿಲವಾಗುತ್ತದೆ.

ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿಗಳು ಬಂದರೆ ಗಾಳಿಗುಳ್ಳೆ ಸೇರಿದೆ ಎಂದರ್ಥ: ಜೋರಾಗಿ ಕಲಕಿದ್ದೀರಿ, ಅಥವಾ ಬಿಸಿ ಹೆಚ್ಚಾಗಿತ್ತು, ಅಥವಾ ಮೊದಲ ಪದರ ಉಜ್ಜಿಲ್ಲ. ಬೆರಳಿನಿಂದ ತಕ್ಷಣ ತಿಕ್ಕಿ ಮುಚ್ಚಿ, ಒಣಗಿದ ಮೇಲೆ ಸರಿಯಾಗುವುದಿಲ್ಲ. ಜೇಡರ ಬಲೆಯಂಥ ಬಿರುಕು ಕಂಡರೆ ಅಂಟು ಗಟ್ಟಿಯಾಯಿತು, ಇಲ್ಲವೇ ಸೀಲಿಂಗ್ ಫ್ಯಾನ್ ಕೆಳಗೆ ಒಣಗಿಸಿದಿರಿ. ಇದನ್ನು ಮೇಲೆ ಬಳಿದು ಮುಚ್ಚಲಾಗದು, ಬಿಸಿನೀರಿನಲ್ಲಿ ತೊಳೆದು ತೆಗೆದು ಮತ್ತೆ ಶುರು ಮಾಡಿ. ಒರೆಸಿದರೆ ಕೈಗೆ ಬಿಳಿ ಪುಡಿ ಬರುತ್ತಲೇ ಇದ್ದರೆ ಅಂಟು ಸಾಲದು. ಮೂರು ದಿನ ಬಿಟ್ಟು, ಮಾಸ್ಕ್ ಹಾಕಿಕೊಂಡು 220 ನಂಬರ್, ಆಮೇಲೆ 400 ನಂಬರ್ ಮರಳು ಕಾಗದದಿಂದ ದಂತದ ನಯ ಬರುವ ತನಕ ತಿಕ್ಕಿ.

ಬೆಂಗಳೂರಿನ ಹವೆಗೆ ಒಂದು ಮಾತು. ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಒಣಗಲು ದುಪ್ಪಟ್ಟು ಹೊತ್ತು ಬೇಕು, ಒದ್ದೆ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಅಂಟಿಗೆ ಎರಡು ಹನಿ ಲವಂಗದ ಎಣ್ಣೆ ಹಾಕುವ ಹಳೆಯ ರೂಢಿ ಉಪಯೋಗದ್ದೇ. ಉಳಿದ ಅಂಟು ಫ್ರಿಜ್ಜಿನಲ್ಲೂ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.

ಇನ್ನು ರೇಖೆ. ಟ್ರೇಸಿಂಗ್ ಕಾಗದದ ಹಿಂಬದಿಗೆ ಕಾವಿಪುಡಿ ಉಜ್ಜಿ, ಗೀಟುಗಳನ್ನು ನೆಲಕ್ಕೆ ಇಳಿಸಿ. ಪೆನ್ಸಿಲಿನ ಸೀಸ ತೆಳು ಬಣ್ಣದಡಿ ಕೊಳೆಯಾಗಿ ಕಾಣುತ್ತದೆ, ಕಾವಿ ಬೆರೆತುಹೋಗುತ್ತದೆ. ಚಿನ್ನವೂ ಬಣ್ಣವೂ ಕೂಡುವ ಗೆರೆಯನ್ನು ಮಾತ್ರ ಸೂಜಿಮೊನೆಯಿಂದ ಲಘುವಾಗಿ ಕೊರೆಯಿರಿ. ಮುಂದೆ ಚಿನ್ನದ ಅಡಿಗೆ ಕೆಂಪು ಜೇಡಿ ಬಳಿದಾಗ ಉಳಿದ ರೇಖೆಯೆಲ್ಲ ಮುಚ್ಚಿಹೋಗುತ್ತದೆ, ಕೊರೆದದ್ದು ಕಾಣುತ್ತಿರುತ್ತದೆ. ಪ್ರಭಾವಳಿಗೆ ಕೈವಾರ ಬೇಕು. ಅದರ ಮೊನೆಯಡಿ ಚರ್ಮದ ತುಂಡು ಇಟ್ಟರೆ ಮಾತೆಯ ಹಣೆಯಲ್ಲಿ ತೂತು ಬೀಳುವುದಿಲ್ಲ.

ಉಬ್ಬು ಕೆಲಸಕ್ಕೆ ನಿಮ್ಮ ಮೈಸೂರು ಅಭ್ಯಾಸ ನೇರವಾಗಿ ಒದಗುತ್ತದೆ. ಅಲ್ಲಿ ಮಕ್ಕಿ ಸಫೇದದಿಂದ (ಬಿಳಿ ಪುಡಿಗೆ ಗೋಂದು ಕಲಸಿದ ಲೇಪ) ಎಳೆ ಎಳೆಯಾಗಿ ಉಬ್ಬಿಸುವ ಹಾಗೆಯೇ ಇಟಲಿಯವರು ಇದೇ ಬೆಚ್ಚಗಿನ ಸುಣ್ಣದ ನೆಲವನ್ನು ಕುಂಚದ ತುದಿಯಿಂದ ಹನಿಸಿ ಬಳ್ಳಿ, ಮಣಿ, ಅಕ್ಷರ ಎಬ್ಬಿಸುತ್ತಿದ್ದರು. ಸಿಮೋನೆಯ ಚಿತ್ರದಲ್ಲಿ ದೂತನ ಬಾಯಿಂದ ಹೊರಟ ಮಾತುಗಳು ಹೀಗೆ ಉಬ್ಬಿಸಿದ ಅಕ್ಷರಗಳೇ. ಆದರೆ ಎರಡು ಪದ್ಧತಿಯನ್ನು ಬೆರೆಸಬೇಡಿ. ಮಕ್ಕಿ ಸಫೇದ ನಿಲ್ಲುವುದು ಗೋಂದಿನ ಮೇಲೆ. ಅದರ ಮೇಲೆ ಕೆಂಪು ಜೇಡಿ ಬಳಿದು ಕಲ್ಲಿನಿಂದ ತಿಕ್ಕಿದರೆ ಹೊಳಪು ಬರದು, ಎದ್ದುಬರುವ ಸಂಭವವೇ ಹೆಚ್ಚು. ಮಕ್ಕಿ ಸಫೇದ ಬಳಸುವುದಾದರೆ ಗೋಂದು ಹಚ್ಚಿ ಚಿನ್ನದ ಹಾಳೆ ಅಂಟಿಸುವ ತನಕ ಅದೇ ದಾರಿಯಲ್ಲಿ ಹೋಗಿ. ಅದೂ ಚೆನ್ನಾಗಿಯೇ ಕಾಣುತ್ತದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿರುವ ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನು ಪಕ್ಕದಿಂದ ಬೆಳಕು ಬೀಳುವ ಹಾಗೆ ನಿಂತು ನೋಡಿದರೆ ಉಬ್ಬು ಎಷ್ಟು ತೆಳುವಾಗಿರಬೇಕೆಂದು ತಿಳಿಯುತ್ತದೆ. ಸಫೇದ ಕೊಳ್ಳುವಾಗ ಸತುವಿನ ಬಿಳಿಯೋ ಸೀಸದ ಬಿಳಿಯೋ ಕೇಳಿ. ಸೀಸದ್ದು ವಿಷ.

ಈಗ ಚಿನ್ನ. ಎರಡು ವಿಧಾನಗಳಿವೆ. ನೀರಿನ ಗಿಲೀಟು ಕಷ್ಟದ್ದು, ಕನ್ನಡಿಯ ಹೊಳಪು ಕೊಡುವುದೂ ಅದೊಂದೇ. ಬೋಲ್ ಎಂಬ ನುಣುಪಾದ ಕೆಂಪು ಜೇಡಿಯನ್ನು ಅರ್ಧ ಶಕ್ತಿಯ ಅಂಟಿನಲ್ಲಿ (ಅದೇ ಅಂಟಿಗೆ ಸಮ ನೀರು) ಕರಗಿಸಿ ನಾಲ್ಕು ತೆಳು ಪದರ ಬಳಿಯಿರಿ. ಒಣಗಿದ ಮೇಲೆ ಒರಟು ಬಟ್ಟೆಯಿಂದ ತಿಕ್ಕಿ ಹೊಳಪಿಸಿ. ನೀರಿಗೆ ಕಾಲು ಭಾಗ ಸ್ಪಿರಿಟ್ ಬೆರೆಸಿ ಒಂದು ರೇಕಿನಷ್ಟೇ ಜಾಗವನ್ನು ತೋಯಿಸಿ, ತಕ್ಷಣ ರೇಕು ಬಿಡಿ. ನೀರೇ ಅದನ್ನು ಎಳೆದುಕೊಳ್ಳುತ್ತದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಉಸಿರನ್ನೂ ಆಚೆ ತಿರುಗಿಸಿ ಬಿಡಿ. ಎರಡರಿಂದ ನಾಲ್ಕು ಗಂಟೆಯ ಮೇಲೆ ಅಗೇಟ್ ಕಲ್ಲಿನಿಂದ ಉಜ್ಜಬೇಕು. ಹೊತ್ತನ್ನು ಗಡಿಯಾರ ಹೇಳುವುದಿಲ್ಲ, ಕಲ್ಲು ಹೇಳುತ್ತದೆ: ಮೆಲ್ಲಗೆ ತಟ್ಟಿದರೆ ಟಕ್ ಎಂದು ಗಟ್ಟಿ ಸದ್ದು ಬಂದರೆ ಉಜ್ಜಿ, ಮಂದ ಸದ್ದು ಬಂದರೆ ಇನ್ನೂ ತೇವವಿದೆ. ಬೇಗ ಉಜ್ಜಿದರೆ ಚಿನ್ನ ಹರಿದು ಕೆಂಪು ಕಾಣುತ್ತದೆ. ಮಾರನೆಯ ದಿನಕ್ಕೆ ಬಿಟ್ಟರೆ ಕಲ್ಲು ಜಾರುತ್ತದೆ, ಹೊಳಪು ಬರುವುದಿಲ್ಲ. ಹರಿದ ಕಡೆ ಬಾಯಿಯಿಂದ ಆವಿ ಊದಿ ಎರಡನೆಯ ರೇಕು ಇಡಿ. ಪ್ರಭಾವಳಿಯ ಚುಕ್ಕಿ, ಹೂವುಗಳನ್ನು ಒತ್ತುವುದೂ ಅದೇ ದಿನ. ಚರ್ಮದ ಕೆಲಸದ ಸಣ್ಣ ಅಚ್ಚುಗಳು ಸಾಕು, ಸುತ್ತಿಗೆಯಿಂದ ಹೊಡೆಯದೆ ಕೈಯಿಂದ ಒತ್ತಿ.

ಎರಡನೆಯದು ಎಣ್ಣೆಯ ಗಿಲೀಟು. ಸೈಜ್ ಎಂಬ ಎಣ್ಣೆಯಂಟನ್ನು ಆದಷ್ಟು ತೆಳುವಾಗಿ ಹಚ್ಚಿ, ಬೆರಳ ಗೆಣ್ಣು ತಾಗಿಸಿದಾಗ ಸ್ವಲ್ಪ ಹಿಡಿದರೂ ಗುರುತು ಉಳಿಯದ ಹದಕ್ಕೆ ಬಂದಾಗ ರೇಕು ಇಡುವುದು. ಹಸಿ ಇರುವಾಗಲೇ ಇಟ್ಟರೆ ಚಿನ್ನ ಅಂಟಿನಲ್ಲಿ ಮುಳುಗಿ ಮಂಕಾಗುತ್ತದೆ. ಇದನ್ನು ಕಲ್ಲಿನಿಂದ ಉಜ್ಜುವ ಹಾಗಿಲ್ಲ. ಅಕ್ರಿಲಿಕ್ ನೆಲದ ಮೇಲೆ ಮಾಡುವವರಿಗೆ ಇದೇ ಗತಿ, ಕೆಟ್ಟದ್ದೇನೂ ಅಲ್ಲ.

ರೇಕು 22ರಿಂದ 24 ಕ್ಯಾರಟ್‌ನದ್ದಾಗಿರಲಿ. ಸಾಮಾನ್ಯವಾಗಿ ಒಂದು ಪುಸ್ತಕದಲ್ಲಿ 80 ಮಿ.ಮೀ. ಚದರದ 25 ರೇಕು ಇರುತ್ತವೆ. 12×15 ಇಂಚಿನ ಹಲಗೆಯಲ್ಲಿ ಪ್ರಭಾವಳಿ ಮತ್ತು ಅರ್ಧ ಹಿನ್ನೆಲೆಗೆ, ಒಂದರ ಮೇಲೊಂದು ಎರಡು ಪದರವೆಂದರೆ, ಒಂದು ಪುಸ್ತಕ ಸರಿಹೋಗುತ್ತದೆ. ಹಿತ್ತಾಳೆಯ ‘ಇಮಿಟೇಶನ್’ ರೇಕು ವಾರ್ನಿಶ್ ಇಲ್ಲದಿದ್ದರೆ ಕಪ್ಪು ಹಸಿರಾಗುತ್ತದೆ. ತಂಜಾವೂರು ಚಿತ್ರಕ್ಕೆಂದು ಮಾರುವ ಕಾಗದ ಬೆನ್ನಿನ ದಪ್ಪ ಹಾಳೆ ಗೋಂದಿನ ದಾರಿಗೆ ಸರಿ, ನೀರಿನ ಗಿಲೀಟಿಗೆ ಆಗದು.

ಚಿನ್ನ ಮುಗಿದ ಮೇಲೆಯೇ ಬಣ್ಣ. ಚಿನ್ನ ಕಂಡ ಕಂಡ ಕಡೆ ಅಂಟುತ್ತದೆ, ಆದ್ದರಿಂದ ಈ ಕ್ರಮ. ಮೊಟ್ಟೆಯ ಹಳದಿಯನ್ನು ಬಿಳಿಯಿಂದ ಬೇರ್ಪಡಿಸಿ, ಅಂಗೈಯಿಂದ ಅಂಗೈಗೆ ದಾಟಿಸಿ ಒಣಗಿಸಿ, ಪೊರೆಯನ್ನು ಚಿಟಿಕೆಯಲ್ಲಿ ಹಿಡಿದೆತ್ತಿ ಕೆಳಗೆ ಚುಚ್ಚಿ. ರಸ ಮಾತ್ರ ಬಟ್ಟಲಿಗೆ, ಪೊರೆ ಕಸಕ್ಕೆ. ರಸದಷ್ಟೇ ನೀರು ಸೇರಿಸಿ. ಬಣ್ಣದ ಪುಡಿಯನ್ನು ಮೊದಲು ನೀರಿನಲ್ಲಿ ಗಾಜಿನ ಮೇಲೆ ಅರೆದು ಇಟ್ಟುಕೊಂಡಿದ್ದು, ಬೇಕಾದಾಗ ಸಮಭಾಗ ಹಳದಿ ಬೆರೆಸುವುದು. ಪರೀಕ್ಷೆ ಸುಲಭ: ಗಾಜಿಗೆ ಬಳಿದು ಒಣಗಿಸಿ ಬ್ಲೇಡಿನಿಂದ ಕೆರೆಯಿರಿ. ಸುರುಳಿಯಾಗಿ ಎದ್ದರೆ ಸರಿ, ಪುಡಿಯಾದರೆ ಮೊಟ್ಟೆ ಸಾಲದು, ಜಿಡ್ಡಾಗಿ ಹೊಳೆದರೆ ಹೆಚ್ಚಾಗಿದೆ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಕೆಡದಿರಲೆಂದು ವಿನಿಗರ್ ಹನಿಸುವವರಿದ್ದಾರೆ. ಅಲ್ಟ್ರಮರೀನ್ ನೀಲಿಗೆ ಹುಳಿ ಆಗಿಬರುವುದಿಲ್ಲ, ಬಣ್ಣ ಕಳೆಗುಂದುತ್ತದೆ.

ಟೈಟಾನಿಯಂ ಬಿಳಿ, ಹಳದಿ ಮಣ್ಣು, ಕಾವಿ, ಹಸಿರು ಮಣ್ಣು, ಅಲ್ಟ್ರಮರೀನ್, ಅಂಬರ್ ಕಂದು, ದೀಪದ ಮಸಿ, ಒಂದು ಗಾಢ ಕೆಂಪು, ಇಷ್ಟರಲ್ಲಿ ಚಿತ್ರ ಮುಗಿಯುತ್ತದೆ. ಮಸಿ ನೀರಿನ ಮೇಲೆ ತೇಲುತ್ತದೆ, ಒಂದು ಹನಿ ಸ್ಪಿರಿಟ್ ಹಾಕಿದರೆ ನೆನೆಯುತ್ತದೆ. ಹಳಬರು ಬಳಸಿದ ಇಂಗಲೀಕದಲ್ಲಿ ಪಾದರಸವಿದೆ, ಹರಿದಾಳದಲ್ಲಿ ಪಾಷಾಣವಿದೆ. ಪುಡಿ ರೂಪದಲ್ಲಿ ಮನೆಗೆ ತರಬೇಡಿ. ರಂಗೋಲಿ ಪುಡಿ, ಕುಂಕುಮ ಅಗ್ಗವೆಂದು ಮನಸ್ಸಾಗಬಹುದು. ಅವುಗಳಲ್ಲಿರುವುದು ಸಾಮಾನ್ಯವಾಗಿ ಬಿಸಿಲಿಗೆ ನಿಲ್ಲದ ಬಣ್ಣ. ಅಲ್ಟ್ರಮರೀನ್ ನೀಲಿ ಹಿಂದೆ ಅಫ್ಘಾನಿಸ್ತಾನದ ಬದಕ್ಷಾನಿನ ಲಾಜವರ್ದ ಕಲ್ಲಿನಿಂದ ಬರುತ್ತಿತ್ತು. 1828ರ ಹೊತ್ತಿಗೆ ಕೃತಕವಾಗಿ ತಯಾರಾಯಿತು, ಈಗ ಸಿಗುವ ಪುಡಿ ಅದೇ. ಮೇಲುವಸ್ತ್ರದ ನೆರಳಿಗೆ ಕಪ್ಪು ಬೆರೆಸದೆ ಮೂರು ಬಟ್ಟಲು ಮಾಡಿಕೊಳ್ಳಿ: ಒಂದರಲ್ಲಿ ಅಪ್ಪಟ ನೀಲಿ, ಒಂದರಲ್ಲಿ ಅದಕ್ಕೆ ಬಿಳಿ, ಮತ್ತೊಂದರಲ್ಲಿ ಇನ್ನಷ್ಟು ಬಿಳಿ. ಆಳದ ಮಡಿಕೆಗೆ ಅಪ್ಪಟ ನೀಲಿ.

ನಿಮ್ಮ ಮುಖ ಕ್ಯಾಲೆಂಡರಿನದಾದದ್ದು ಬಣ್ಣವನ್ನು ಹಸಿಯಲ್ಲೇ ತೀಡಿ ಬೆರೆಸಿದ್ದರಿಂದ. ಮೊಟ್ಟೆಯ ಬಣ್ಣ ಕ್ಷಣಾರ್ಧದಲ್ಲಿ ಒಣಗುತ್ತದೆ, ತೀಡಲು ಬಿಡುವುದೇ ಇಲ್ಲ. ಮೊದಲು ಚರ್ಮ ಕಾಣುವ ಜಾಗಕ್ಕೆಲ್ಲ ಹಸಿರು ಮಣ್ಣು ಮತ್ತು ಬಿಳಿಯ ಎರಡು ಪದರ. ಕಣ್ಣು, ಮೂಗು, ತುಟಿಯ ರೇಖೆ ಕಂದಿನಲ್ಲಿ. ಆಮೇಲೆ ಕಾವಿ, ಹಳದಿ ಮಣ್ಣು, ಬಿಳಿ ಸೇರಿದ ಮೂರು ಛಾಯೆಗಳನ್ನು 1 ನಂಬರ್ ಸೇಬಲ್ ಕುಂಚದಿಂದ, ಬಟ್ಟೆಗೊತ್ತಿ ಹಿಂಡಿ, ಕೂದಲಿನಷ್ಟು ಸಣ್ಣ ಗೀಟುಗಳಲ್ಲಿ, ಮುಖದ ಉಬ್ಬುತಗ್ಗನ್ನು ಅನುಸರಿಸಿ ಹಾಕುತ್ತಾ ಹೋಗುವುದು. ನೆರಳಿನಲ್ಲಿ ಹಸಿರು ಇಣುಕುತ್ತಿರಲಿ. ಆ ಹಸಿರೇ ಗುಲಾಬಿಗೆ ಜೀವ ಕೊಡುವುದು. ಕಂದು ಮೈಬಣ್ಣ ಬೇಕಿದ್ದರೆ ಬಿಳಿ ಕಡಿಮೆ ಮಾಡಿ ಅಂಬರ್ ಹೆಚ್ಚಿಸಿ, ವಿಧಾನ ಅದೇ. ಅಡಿಯ ಪದರ ಎದ್ದು ಬಂದರೆ ಕುಂಚ ಒದ್ದೆಯಾಗಿದೆ, ಇಲ್ಲವೇ ಒಂದೇ ಜಾಗದಲ್ಲಿ ಆತುರದಿಂದ ಕೂತಿದ್ದೀರಿ. ಬೇರೆ ಕಡೆ ಕೆಲಸ ಮಾಡಿ, ಅರ್ಧ ಗಂಟೆ ಬಿಟ್ಟು ಬನ್ನಿ.

ಸೀರೆ ಖಂಡಿತ ಉಡಿಸಬಹುದು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಆರೋಗ್ಯ ಮಾತೆ ಸೀರೆಯಲ್ಲೇ ಇದ್ದಾಳೆ, ಬೆಂಗಳೂರಿನ ಕಣ್ಣಿಗೆ ಅದು ಹೊಸದಲ್ಲ. ಭಾರತೀಯ ರೂಪದ ಕ್ರೈಸ್ತ ಕಲೆಯನ್ನು ದಶಕಗಳಿಂದ ಬೆಳೆಸಿದ ಜ್ಯೋತಿ ಸಾಹಿ ಅವರು ನೆಲೆಸಿರುವುದೂ ಇಲ್ಲೇ ಸಿಲ್ವೆಪುರದಲ್ಲಿ. ಸಿಯೆನಾದವರೂ ತಮ್ಮ ಕಾಲದ ಶ್ರೀಮಂತರ ರೇಷ್ಮೆಯನ್ನೇ ದೂತರಿಗೆ ತೊಡಿಸಿದರು. ಜರಿ ಅಂಚಿಗೆ ಅವರದೇ ಉಪಾಯ ಬಳಸಿ: ಅಂಚಿನ ಜಾಗಕ್ಕೆ ಮೊದಲೇ ಚಿನ್ನ ಹಾಕಿ ಹೊಳಪಿಸಿರಿ, ಅದರ ಮೇಲೆ ಸೀರೆಯ ಬಣ್ಣವನ್ನು ಪೂರ್ತಿ ಬಳಿಯಿರಿ, ಒಂದು ದಿನದೊಳಗೆ ಮೊನೆ ಮಾಡಿದ ಬಿದಿರು ಕಡ್ಡಿಯಿಂದ ಮಾವು, ಗಂಡಭೇರುಂಡ, ಬೇಕಾದದ್ದನ್ನು ಕೆರೆದು ಚಿನ್ನವನ್ನು ಹೊರಗೆ ತನ್ನಿ. ಕಬ್ಬಿಣದ ಮೊನೆ ಚಿನ್ನವನ್ನೂ ಕೆರೆದುಬಿಡುತ್ತದೆ. ಅಕ್ರಿಲಿಕ್‌ನಲ್ಲಿ ಇದು ಆಗದು, ಬಣ್ಣ ಪೊರೆಯಾಗಿ ಕಿತ್ತುಬರುತ್ತದೆ. ಇದೊಂದಕ್ಕಾಗಿಯಾದರೂ ಮೊಟ್ಟೆಯ ಬಣ್ಣ ಕಲಿಯುವುದು ಲೇಸು.

ಉಡುಗೆ ಬದಲಾದರೂ ಗುರುತುಗಳನ್ನು ಬಿಡಬೇಡಿ. ಬಾಲಯೇಸುವಿನ ಪ್ರಭಾವಳಿಯಲ್ಲಿ ಶಿಲುಬೆ ಇರಬೇಕು, ಮಾತೆಯ ಪ್ರಭಾವಳಿಯಲ್ಲಿ ಇರಬಾರದು. ಮಾತೆಯ ಹಣೆಯ ಮೇಲಿನ ಸೆರಗಿಗೂ ಎರಡು ಹೆಗಲಿಗೂ ಒಂದೊಂದು ನಕ್ಷತ್ರ. ಸುತ್ತಲೂ ನಾಲ್ಕು ಸುವಾರ್ತಿಕರ ಚಿಹ್ನೆ ಹಾಕುವುದಿದ್ದರೆ ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೊವಾನ್ನನಿಗೆ ಹದ್ದು, ನಾಲ್ಕಕ್ಕೂ ರೆಕ್ಕೆ. ಕನ್ನಡ ಅಕ್ಷರ ಧಾರಾಳವಾಗಿ ಬರೆಯಿರಿ. ಲ್ಯಾಟಿನ್ ಅಕ್ಷರಕ್ಕೆಂದು ಹಳಬರು ಬಿಟ್ಟ ಪಟ್ಟಿಯ ಅಳತೆಯನ್ನೇ ನಕಲು ಮಾಡಬೇಡಿ, ‘ಕ್ರಿಸ್ತ’ದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ಅಕ್ಷರದ ಎತ್ತರದ ಎರಡರಷ್ಟು ಅಗಲದ ಪಟ್ಟಿ ಬೇಕು. ವೃತ್ತದ ಸುತ್ತ ಬರೆಯುವುದಾದರೆ ಒತ್ತು ಕಡಿಮೆ ಇರುವ ‘ದೇವಮಾತೆ’ಯಂಥ ಪದ ಅನುಕೂಲ. ಚಿತ್ರ ಮನೆಗಲ್ಲದೆ ದೇವಾಲಯಕ್ಕೆ ಹೋಗುವುದಿದ್ದರೆ ರೇಖಾಚಿತ್ರದ ಹಂತದಲ್ಲೇ ಗುರುಗಳಿಗೆ ತೋರಿಸಿ. ಚಿನ್ನ ಹಾಕಿದ ಮೇಲೆ ತಿದ್ದುವುದು ಕಷ್ಟ.

ಹಬ್ಬಕ್ಕೆ ಸಿದ್ಧವಾಗಬೇಕಾದರೆ ನೆಲ ಏಪ್ರಿಲ್ ಒಳಗೆ, ಚಿನ್ನ ಮಳೆ ಹಿಡಿಯುವ ಮುನ್ನ, ಬಣ್ಣ ಜುಲೈ ಕೊನೆಗೆ ಮುಗಿಯಲಿ. ವಾರ್ನಿಶ್ ಹಾಕಬೇಡಿ. ಮೊಟ್ಟೆಯ ಬಣ್ಣ ಪೂರ್ತಿ ಗಟ್ಟಿಯಾಗಲು ಕನಿಷ್ಠ ಆರು ತಿಂಗಳು ಬೇಕು. ಗಾಜು ಹಾಕಿಸುವುದಾದರೆ ಚಿತ್ರಕ್ಕೆ ತಾಗದ ಹಾಗೆ ಚೌಕಟ್ಟಿನ ಒಳಗೆ ಪಟ್ಟಿ ಕೊಟ್ಟು ಅಂತರ ಬಿಡಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಮೇಣದ ಬತ್ತಿ ಎರಡು ಅಡಿ ದೂರವಿರಲಿ. ಧೂಳನ್ನು ಒಣ ಮೆದು ಕುಂಚದಿಂದ ಮಾತ್ರ ತೆಗೆಯಿರಿ ಎಂದು ಮನೆಯವರಿಗೆಲ್ಲ ಹೇಳಿಡಿ. ನೀರಿನ ಗಿಲೀಟಿನ ಮೇಲೆ ಒದ್ದೆ ಬಟ್ಟೆ ಒಂದು ಸಲ ಆಡಿದರೂ ಚಿನ್ನ ಬಟ್ಟೆಯೊಂದಿಗೆ ಹೋಗುತ್ತದೆ.